ಹವಾಲ್ದಾರ್ ಹುದ್ದೆಯಿಂದ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ: ಬೆಂಗಳೂರಿನ ಒಂದು ಪ್ರಕರಣ ಅಧ್ಯಯನ

ಮಾಜಿ ಸೈನಿಕರಿಗೆಂದು ಮೀಸಲಿಟ್ಟ ಸರ್ಕಾರಿ ಹುದ್ದೆಗಳಲ್ಲಿ ಎಷ್ಟೋ ಹುದ್ದೆಗಳು ಅರ್ಹರು ಸಿಗಲಿಲ್ಲವೆಂಬ ಕಾರಣಕ್ಕೆ ಬೇರೆ ಅಭ್ಯರ್ಥಿಗಳಿಗೆ ಹೋಗುತ್ತವೆ. ಅದೇ ಹೊತ್ತಿನಲ್ಲಿ, ಅದೇ ಹುದ್ದೆಗೆ ಬೇಕಾದ ಎಲ್ಲ ಅರ್ಹತೆಗಳಿರುವ ಮಾಜಿ ಸೈನಿಕರು ಇದೇ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮತ್ತು ಟೆಕ್ ಪಾರ್ಕುಗಳ ಗೇಟಿನಲ್ಲಿ ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತಿರುತ್ತಾರೆ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಒಬ್ಬರ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಸಾಕಷ್ಟು ಉತ್ತರ ಸಿಗುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ. ನಾನು ರಾಜ್ಯ ಸರ್ಕಾರದ ಕಚೇರಿಗಳ ಸಿಬ್ಬಂದಿ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ನಮ್ಮ ಬಡಾವಣೆಯ ಸುತ್ತಮುತ್ತಲಿನ ಮಾಜಿ ಸೈನಿಕರಿಗೆ ಅರ್ಜಿ, ದಾಖಲೆ ಮತ್ತು ಪರೀಕ್ಷೆಯ ವಿಷಯದಲ್ಲಿ ನೆರವಾಗುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಅವರನ್ನು ಇಲ್ಲಿ ಹವಾಲ್ದಾರರು ಎಂದಷ್ಟೇ ಕರೆದಿದ್ದೇನೆ.

ವ್ಯಕ್ತಿ ಮತ್ತು ಪರಿಸ್ಥಿತಿ

ಹವಾಲ್ದಾರರು ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದರವರು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ, ದ್ವಿತೀಯ ಪಿಯುಸಿ ಮುಗಿಸಿ, 19ನೇ ವಯಸ್ಸಿನಲ್ಲಿ ಸೇನೆಗೆ ಸೇರಿದರು. ಉಗ್ರಾಣ ನಿರ್ವಹಣೆಯ ಟ್ರೇಡಿನಲ್ಲಿ (ಸೇನೆಯಲ್ಲಿ ವಹಿಸುವ ಕೆಲಸದ ವಿಭಾಗ) 24 ವರ್ಷ ಸೇವೆ ಸಲ್ಲಿಸಿ, 43ನೇ ವಯಸ್ಸಿನಲ್ಲಿ ಪಿಂಚಣಿಯೊಂದಿಗೆ ಹೊರಬಂದರು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು, ಮಗ ಹೈಸ್ಕೂಲಿನಲ್ಲಿದ್ದ. ದಾಸರಹಳ್ಳಿ ಕಡೆ ಕಟ್ಟಿಸಿದ ಮನೆಯ ಸಾಲದ ಕಂತು ಇನ್ನೂ ಬಾಕಿ ಇತ್ತು. ಪಿಂಚಣಿಯಿಂದ ಊಟಕ್ಕೆ ತೊಂದರೆ ಇರಲಿಲ್ಲ, ಆದರೆ ಫೀಸು ಮತ್ತು ಕಂತು ಎರಡನ್ನೂ ಅದರಲ್ಲೇ ತೂಗಿಸುವುದು ಕಷ್ಟವಾಗಿತ್ತು. ಹೀಗಾಗಿ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಖಾಸಗಿ ಭದ್ರತಾ ಸಂಸ್ಥೆಯೊಂದರಲ್ಲಿ ಮೇಲ್ವಿಚಾರಕರಾಗಿ ಸೇರಿಕೊಂಡರು.

ಸೈನಿಕರ ನಿವೃತ್ತಿ ಉಳಿದವರ ನಿವೃತ್ತಿಯಂತಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಿವಿಲ್ ನೌಕರ 60ಕ್ಕೆ ನಿವೃತ್ತನಾಗುವ ಹೊತ್ತಿಗೆ ಮಕ್ಕಳು ಒಂದು ದಾರಿಗೆ ಬಂದಿರುತ್ತಾರೆ. ಸಿಪಾಯಿ, ನಾಯಕ್, ಹವಾಲ್ದಾರ್ ಶ್ರೇಣಿಯವರಲ್ಲಿ ಹೆಚ್ಚಿನವರು ಮೂವತ್ತರ ಕೊನೆಯಲ್ಲೋ ನಲವತ್ತರ ಆರಂಭದಲ್ಲೋ, ಮನೆಯ ಖರ್ಚು ಏರುತ್ತಿರುವ ಕಾಲದಲ್ಲೇ ಹೊರಬರುತ್ತಾರೆ. ಸೇನೆಯನ್ನು ಯುವಕರ ಪಡೆಯಾಗಿ ಇಟ್ಟುಕೊಳ್ಳಬೇಕೆಂಬ ದೇಶದ ಅಗತ್ಯಕ್ಕಾಗಿ ಅವರು ಬೇಗ ಹೊರಬರುತ್ತಾರೆ. ಎರಡನೇ ಉದ್ಯೋಗಕ್ಕೆ ನೆರವಾಗುವುದು ಆ ವ್ಯವಸ್ಥೆಯ ಮುಂದುವರಿದ ಭಾಗವೇ ಹೊರತು ಉಪಕಾರವಲ್ಲ.

ಹವಾಲ್ದಾರರು ನನ್ನ ಬಳಿಗೆ ಬಂದಾಗ ಅವರಿಗೆ 44 ವರ್ಷ. ಅದಕ್ಕೂ ಮೊದಲು ಒಮ್ಮೆ ರಾಜ್ಯದ ಹುದ್ದೆಯೊಂದಕ್ಕೆ ಸೈಬರ್ ಸೆಂಟರಿನಲ್ಲಿ ಕುಳಿತು ಅರ್ಜಿ ಹಾಕಿದ್ದರು, ಅದು ತಿರಸ್ಕೃತವಾಗಿತ್ತು. ಆ ಅರ್ಜಿಯ ಮುದ್ರಿತ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚದೆ ಇಟ್ಟುಕೊಂಡಿದ್ದರು. ಓದಿ ನೋಡಿದರೆ ಕಾರಣ ತಕ್ಷಣ ಕಂಡಿತು. ಅರ್ಜಿ ತುಂಬಿದ ಹುಡುಗ ‘ಮಾಜಿ ಸೈನಿಕ’ ಎಂಬ ಆಯ್ಕೆಯ ಬದಲು, ಅದರ ಕೆಳಗಿದ್ದ ‘ಅವಲಂಬಿತ’ ಎಂಬ ಆಯ್ಕೆಯನ್ನು ಒತ್ತಿದ್ದ. ಅವಲಂಬಿತರಿಗೆ ಸಲ್ಲುವ ಸೌಲಭ್ಯ ಯುದ್ಧದಲ್ಲಿ ಮಡಿದ ಅಥವಾ ಶಾಶ್ವತ ಅಂಗವೈಕಲ್ಯ ಹೊಂದಿದ ಸೈನಿಕರ ಕುಟುಂಬಕ್ಕೆ ಸಂಬಂಧಿಸಿದ್ದು. ಸೇವಾವಧಿಯ ಕಾಲಂ ಖಾಲಿ ಉಳಿದಿತ್ತು. ಸೇವಾವಧಿ ನಮೂದಾಗದಿದ್ದುದರಿಂದ ವಯೋಮಿತಿಯ ಸಡಿಲಿಕೆಯೂ ಸಿಗಲಿಲ್ಲ. ಅರ್ಜಿಯಲ್ಲಿ ಕೋರದ ಮೀಸಲಾತಿಯನ್ನು ಆಮೇಲೆ ಕೋರಲು ಬರುವುದಿಲ್ಲವೆಂಬುದು ನೇಮಕಾತಿ ಪ್ರಾಧಿಕಾರಗಳ ಸಾಮಾನ್ಯ ಷರತ್ತು. 24 ವರ್ಷಗಳ ಸೇವೆ ಒಂದು ತಪ್ಪು ಆಯ್ಕೆಯಿಂದ ಲೆಕ್ಕಕ್ಕೇ ಬರಲಿಲ್ಲ.

ವಯಸ್ಸಿನ ಲೆಕ್ಕ

‘ಸರ್, ನನಗೆ 44 ನಡೀತಿದೆ. ಅಧಿಸೂಚನೆಯಲ್ಲಿ 38 ಅಂತ ಇದೆ. ಇನ್ನು ಬಿಟ್ಟುಬಿಡೋಣ ಅಂತ ಮನೆಯಲ್ಲೂ ಹೇಳಿದ್ದೀನಿ’ ಎಂದರು. ಈ ಮಾತನ್ನು ನಾನು ಬಹಳಷ್ಟು ಮಾಜಿ ಸೈನಿಕರ ಬಾಯಲ್ಲಿ ಕೇಳಿದ್ದೇನೆ. ಅಧಿಸೂಚನೆಯ ಮೊದಲ ಪುಟದ ವಯೋಮಿತಿ ನೋಡಿ ಕಾಗದ ಮಡಚಿಡುವವರೇ ಹೆಚ್ಚು. ಸಡಿಲಿಕೆಯ ವಾಕ್ಯ ಹಲವು ಪುಟಗಳ ನಂತರ, ಒಂದೇ ಉಸಿರಿಗೆ ಓದಲಾಗದಷ್ಟು ಉದ್ದವಾಗಿ ಬರುತ್ತದೆ.

ರಾಜ್ಯದ ಗ್ರೂಪ್ ‘ಸಿ’ ಹುದ್ದೆಗಳಿಗೆ ಆಗ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ಕ್ಕೆ 40 ವರ್ಷ ಗರಿಷ್ಠ ವಯೋಮಿತಿಯೆಂದು ಇತ್ತು. ಮಾಜಿ ಸೈನಿಕರ ವಿಷಯದಲ್ಲಿ ಈ ಮಿತಿಗೆ ಅವರು ಸೇನೆಯಲ್ಲಿ ಸಲ್ಲಿಸಿದ ಸೇವೆಯಷ್ಟು ವರ್ಷಗಳನ್ನೂ ಅದರ ಮೇಲೆ 3 ವರ್ಷಗಳನ್ನೂ ಕೂಡಿಸಬೇಕು. ಹವಾಲ್ದಾರರು ಪ್ರವರ್ಗ 2ಎಗೆ ಸೇರಿದವರಾದ್ದರಿಂದ 38ಕ್ಕೆ 24 ಮತ್ತು 3 ಕೂಡಿಸಿದರೆ 65 ಆಗುತ್ತದೆ. ಅಂದರೆ ನಿವೃತ್ತಿಯ ವಯಸ್ಸಾದ 60ನ್ನೂ ಮೀರುತ್ತದೆ. ಅವರ ಮಟ್ಟಿಗೆ ವಯೋಮಿತಿ ಅಡ್ಡಿಯೇ ಅಲ್ಲ. ಕೇಂದ್ರದ ನಿಯಮ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ವಾಸ್ತವ ವಯಸ್ಸಿನಿಂದ ಸೇವಾವಧಿಯನ್ನು ಕಳೆಯಬೇಕು, ಉಳಿದ ವಯಸ್ಸು ನಿಗದಿತ ಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರಬಾರದು. 44ರಲ್ಲಿ 24 ಕಳೆದರೆ 20. ಕಾಗದದ ಮೇಲೆ ಈ ಎರಡು ಸಾಲುಗಳನ್ನು ಬರೆದು ತೋರಿಸಿದಾಗ ಅವರು ಪೆನ್ನು ತೆಗೆದುಕೊಂಡು ತಾವೇ ಮತ್ತೊಮ್ಮೆ ಕೂಡಿ ನೋಡಿದರು. ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಮಾತ್ರ ಇದೇ ಸಡಿಲಿಕೆಯ ಮೇಲೆ 50 ವರ್ಷದ ಒಟ್ಟು ಮಿತಿ ಇರುವುದರಿಂದ, ಆ ದಾರಿ ಹಿಡಿಯುವುದಾದರೆ ತಡಮಾಡುವಂತಿಲ್ಲವೆಂದೂ ತಿಳಿಸಿದೆ.

ಅವರಿಗಿದ್ದ ಇನ್ನೊಂದು ಆತಂಕ, ಖಾಸಗಿ ಭದ್ರತಾ ಸಂಸ್ಥೆಗೆ ಸೇರಿದ್ದರಿಂದ ಮಾಜಿ ಸೈನಿಕರ ಮೀಸಲಾತಿ ಕಳೆದುಹೋಯಿತೇ ಎಂಬುದು. ಕೇಂದ್ರದ ಆದೇಶಗಳ ಪ್ರಕಾರ ಸರ್ಕಾರಿ ಸಿವಿಲ್ ಹುದ್ದೆಗೆ ಕಾಯಂ ಆಗಿ ಸೇರಿದ ಮೇಲೆ ಮಾತ್ರ ಮರುನೇಮಕದ ಈ ಸೌಲಭ್ಯ ಮುಗಿಯುತ್ತದೆ. ಖಾಸಗಿ ಕೆಲಸದಿಂದಲೋ ಗುತ್ತಿಗೆ ಕೆಲಸದಿಂದಲೋ ಅದು ಹೋಗುವುದಿಲ್ಲ. ಹಲವು ಹುದ್ದೆಗಳಿಗೆ ಮೊದಲೇ ಅರ್ಜಿ ಹಾಕಿ, ಅವುಗಳಲ್ಲಿ ಒಂದಕ್ಕೆ ಸೇರುವಾಗ ಉಳಿದ ಅರ್ಜಿಗಳ ವಿವರವನ್ನು ಸ್ವಯಂ ಘೋಷಣೆಯ ಮೂಲಕ ಉದ್ಯೋಗದಾತರಿಗೆ ಕೊಟ್ಟರೆ, ಆ ಅರ್ಜಿಗಳಿಗೂ ಸೌಲಭ್ಯ ಉಳಿಯುತ್ತದೆಂದು 2014ರ ಆಗಸ್ಟ್‌ನ ಆದೇಶ ಹೇಳಿದೆ. ಈ ಒಂದು ಕಾಗದ ಬರೆದುಕೊಡದೆ ಮೊದಲು ಸಿಕ್ಕ ಹುದ್ದೆಗೆ ಸೇರಿದವರಿಗೆ ಮುಂದಿನ ಅವಕಾಶ ಮುಚ್ಚಿಹೋಗುತ್ತದೆ.

ಯಾವ ಹುದ್ದೆ ಎಂಬ ಪ್ರಶ್ನೆ

ಹವಾಲ್ದಾರರ ಮನಸ್ಸಿನಲ್ಲಿದ್ದುದು ಪ್ರಥಮ ದರ್ಜೆ ಸಹಾಯಕ ಹುದ್ದೆ. ಬಿಡುಗಡೆಯ ಸಮಯದಲ್ಲಿ ಅವರಿಗೆ ಪದವಿಗೆ ಸಮಾನವೆಂಬ ಪ್ರಮಾಣಪತ್ರ ಸಿಕ್ಕಿತ್ತು, ಅದರ ಬಗ್ಗೆ ಅವರಿಗೆ ಅಭಿಮಾನವಿತ್ತು, ಇರಬೇಕಾದುದೇ. ಆದರೆ ಅದರ ವ್ಯಾಪ್ತಿಯನ್ನು ಬಿಡಿಸಿ ಹೇಳಬೇಕಾಯಿತು. ಮೆಟ್ರಿಕ್ಯುಲೇಷನ್ ಜೊತೆಗೆ ಸೇನೆಯ ಶಿಕ್ಷಣ ಪ್ರಮಾಣಪತ್ರ ಮತ್ತು ಕನಿಷ್ಠ 15 ವರ್ಷಗಳ ಸೇವೆ ಇರುವವರನ್ನು, ತಾಂತ್ರಿಕ ಅನುಭವ ಕಡ್ಡಾಯವಲ್ಲದ ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸಬಹುದೆಂಬುದು ಕೇಂದ್ರ ಸರ್ಕಾರದ 1979ರ ಮರುನೇಮಕ ನಿಯಮಗಳಲ್ಲಿರುವ ಮಾತು. ಸಾರ್ವಜನಿಕ ವಲಯದ ಬ್ಯಾಂಕುಗಳೂ ಗುಮಾಸ್ತ ಹುದ್ದೆಗೆ ಇಂಥ ಅರ್ಹತೆಯನ್ನು ಒಪ್ಪುತ್ತವೆ. ರಾಜ್ಯದ ಅಧಿಸೂಚನೆಯಲ್ಲಿ ವಿಶ್ವವಿದ್ಯಾಲಯದ ಪದವಿ ಎಂದು ನಮೂದಾಗಿರುವಾಗ ಕೇಂದ್ರದ ಈ ನಿಯಮ ತಾನಾಗಿಯೇ ಅನ್ವಯಿಸುತ್ತದೆಂದು ನಂಬಿ ಅರ್ಜಿ ಹಾಕುವುದು ಅಪಾಯ. ದ್ವಿತೀಯ ದರ್ಜೆ ಸಹಾಯಕ ಹುದ್ದೆಗಾದರೆ ಪಿಯುಸಿ ಸಾಕು, ಅದು ಅವರ ಕೈಯಲ್ಲೇ ಇತ್ತು. ಮೆಟ್ಟಿಲು ಒಂದು ಕೆಳಗಿದ್ದರೂ ಪ್ರಶ್ನಾತೀತವಾದ ಅರ್ಹತೆಯಿಂದ ಒಳಹೋಗುವುದೇ ಮೇಲೆಂದು ನಾನು ಹೇಳಿದೆ; ಅವರು ಎರಡು ದಿನ ಯೋಚಿಸಿ ಒಪ್ಪಿದರು.

ಹೀಗೆ ಮೂರು ದಾರಿಗಳನ್ನು ಒಟ್ಟಿಗೆ ಹಿಡಿದೆವು. ಒಂದು, ಬ್ಯಾಂಕಿನ ಗುಮಾಸ್ತ ಹುದ್ದೆ. ಸಾರ್ವಜನಿಕ ವಲಯದ ಬ್ಯಾಂಕು ಮತ್ತು ಉದ್ದಿಮೆಗಳ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಮಾಜಿ ಸೈನಿಕರ ಪಾಲು ಶೇ. 14.5, ಇದರಲ್ಲಿ ಶೇ. 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ಇನ್ನೊಂದು, ಸಿಬ್ಬಂದಿ ನೇಮಕಾತಿ ಆಯೋಗದ ಪಿಯುಸಿ ಮಟ್ಟದ ಪರೀಕ್ಷೆ. ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಪಾಲು ಶೇ. 10. ಕೊನೆಯದು ರಾಜ್ಯದ ದ್ವಿತೀಯ ದರ್ಜೆ ಸಹಾಯಕ, ಅಲ್ಲೂ ಶೇ. 10.

ರಾಜ್ಯದ ಶೇ. 10 ಸಮತಲ ಮೀಸಲಾತಿ. ಎಲ್ಲ ಮಾಜಿ ಸೈನಿಕರೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಪ್ರತಿ ಪ್ರವರ್ಗದೊಳಗೆ ಆ ಪಾಲು ಇರುತ್ತದೆ. 100 ಹುದ್ದೆಗಳಲ್ಲಿ ಪ್ರವರ್ಗ 2ಎಗೆ 15 ಬಂದರೆ, ಅದರೊಳಗೆ ಮಾಜಿ ಸೈನಿಕರಿಗೆ ಸಿಗುವುದು ಒಂದೋ ಎರಡೋ. ಹುದ್ದೆಗಳ ಸಂಖ್ಯೆ ಚಿಕ್ಕದಾದಷ್ಟೂ ಈ ಪಾಲು ಸೊನ್ನೆಗೆ ಇಳಿಯಬಹುದು. ಆದ್ದರಿಂದ ವರ್ಗೀಕರಣದ ಪಟ್ಟಿಯನ್ನು ಓದಿಯೇ ಎಲ್ಲಿ ಅರ್ಜಿ ಹಾಕಬೇಕೆಂದು ತೀರ್ಮಾನಿಸಬೇಕು. ಜಿಲ್ಲಾವಾರು ಹುದ್ದೆಗಳಿರುವಾಗ ಸ್ವಂತ ಜಿಲ್ಲೆಯ ಮೋಹ ಬಿಡಬೇಕಾಗಿಯೂ ಬರುತ್ತದೆ. ಹವಾಲ್ದಾರರ ವಿಷಯದಲ್ಲಿ ಇನ್ನೊಂದು ಅನುಕೂಲವಿತ್ತು, ಅದನ್ನು ಅವರು ಗಮನಿಸಿರಲೇ ಇಲ್ಲ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಶೇ. 25ರ ಗ್ರಾಮೀಣ ಮೀಸಲಾತಿಗೂ ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿಗೂ ಅವರು ಅರ್ಹರು. ಮಾಜಿ ಸೈನಿಕ ಎಂಬ ಒಂದೇ ಗುರುತನ್ನು ಹಿಡಿದು ಬಂದಿದ್ದವರು, ತಮ್ಮ ಹಳ್ಳಿಯ ಶಾಲೆಯೂ ಈ ಲೆಕ್ಕದಲ್ಲಿದೆಯೆಂದು ತಿಳಿದು ನಿಜಕ್ಕೂ ಸಂತೋಷಪಟ್ಟರು.

ದಾಖಲೆಗಳು

ಪ್ರಕರಣದ ಬಹುಪಾಲು ಶ್ರಮ ಇಲ್ಲಿಯೇ ಹೋಯಿತು. ಮೀಸಲಾತಿಗೆ ಬೇಕಾದ ಪ್ರಮಾಣಪತ್ರಗಳು ಅರ್ಜಿಯ ಕೊನೆಯ ದಿನಾಂಕದೊಳಗೆ ಕೈಯಲ್ಲಿರಬೇಕೆಂದು ಅಧಿಸೂಚನೆಗಳು ಹೇಳುತ್ತವೆ. ಅಧಿಸೂಚನೆ ಬಂದ ಮೇಲೆ ಓಡಾಡಲು ಹೊರಟರೆ ಆ ಒಂದು ತಿಂಗಳು ನಾಡಕಚೇರಿ, ಶಾಲೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಎಂದು ಕಳೆದುಹೋಗುತ್ತದೆ, ಅದರಲ್ಲೂ ಪಾಳಿಯ ಕೆಲಸದಲ್ಲಿರುವವರಿಗೆ. ನಾವು ಅಧಿಸೂಚನೆಗೆ ಕಾಯದೆ ಆರಂಭಿಸಿದೆವು. ಜಾತಿ ಮತ್ತು ಆದಾಯ ಪ್ರಮಾಣಪತ್ರ ರಾಜ್ಯದ ಹುದ್ದೆಗೆ ನಮೂನೆ ‘ಎಫ್’ನಲ್ಲಿ ಬೇಕು, ಕೇಂದ್ರದ ಹುದ್ದೆಗೆ ಅದು ನಡೆಯುವುದಿಲ್ಲ, ಅಲ್ಲಿನ ಹಿಂದುಳಿದ ವರ್ಗಗಳ ಪ್ರಮಾಣಪತ್ರದ ನಮೂನೆಯೇ ಬೇರೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುತ್ತದೆ. ಪ್ರಾಥಮಿಕ ಶಾಲೆ ಒಂದು ಊರಿನಲ್ಲಿ, ಹೈಸ್ಕೂಲು ಇನ್ನೊಂದು ಊರಿನಲ್ಲಿ ಇದ್ದುದರಿಂದ ಎರಡೂ ಕಡೆಯ ದಾಖಲಾತಿ ವಹಿಗಳನ್ನು ತೆಗೆಸಬೇಕಾಯಿತು.

ನಿಜವಾದ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವರ ಹೆಸರಿನ ಜೊತೆ ಎರಡು ಇನಿಷಿಯಲ್‌ಗಳಿದ್ದವು. ಡಿಸ್ಚಾರ್ಜ್ ಪುಸ್ತಕದಲ್ಲಿ ಅವೇ ಇನಿಷಿಯಲ್‌ಗಳು ಊರಿನ ಹೆಸರು ಮತ್ತು ತಂದೆಯ ಹೆಸರಾಗಿ ಪೂರ್ತಿ ಬಿಡಿಸಿಕೊಂಡಿದ್ದವು. ಪಿಂಚಣಿ ಆದೇಶದಲ್ಲಿ ಊರಿನ ಹೆಸರಿನ ಒಂದು ಅಕ್ಷರ ಬೇರೆ. ಆಧಾರ್‌ನಲ್ಲಿ ಇನಿಷಿಯಲ್‌ಗಳೇ ಇಲ್ಲ. ಹೆಸರಿನ ಹಿಂದೆ ಮನೆತನದ ಹೆಸರು ಇಟ್ಟುಕೊಳ್ಳದ ನಮ್ಮ ಕಡೆಯ ಸೈನಿಕರಲ್ಲಿ ಈ ತೊಂದರೆ ತೀರಾ ಸಾಮಾನ್ಯ. ಸೇವೆಯಲ್ಲಿರುವಷ್ಟು ದಿನ ಸೇನಾ ಸಂಖ್ಯೆಯೇ ಗುರುತಾದ್ದರಿಂದ ಯಾರಿಗೂ ಇದು ಕಾಣುವುದಿಲ್ಲ. ಹೊರಬಂದು ಸಿವಿಲ್ ಕಚೇರಿಯ ಮೇಜಿನ ಮೇಲೆ ನಾಲ್ಕೂ ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗ ನಾಲ್ಕು ಜನರಂತೆ ಕಾಣುತ್ತದೆ. ಅಂಕಪಟ್ಟಿಯ ಹೆಸರನ್ನೇ ಮೂಲವೆಂದು ಹಿಡಿದು, ಎಲ್ಲ ಹೆಸರುಗಳೂ ಒಬ್ಬರದೇ ಎಂಬ ಪ್ರಮಾಣಿತ ಅಫಿಡವಿಟ್ ಮಾಡಿಸಿ, ಸೇವಾ ದಾಖಲೆಗಳನ್ನಿಡುವ ಅವರ ದಳದ ರೆಕಾರ್ಡ್ ಆಫೀಸಿಗೆ ತಿದ್ದುಪಡಿ ಕೋರಿ ಬರೆದೆವು. ಉತ್ತರ ಬರಲು ತಿಂಗಳುಗಳೇ ಹಿಡಿದವು. ಈ ಹಂತದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಉದ್ಯೋಗಕ್ಕೆ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿಯನ್ನೂ ಸರಿಯಾದ ಹೆಸರಿನಲ್ಲಿ ಮಾಡಿಸಿಕೊಂಡರು.

ಕನ್ನಡ ಪತ್ರಿಕೆ

ಕನ್ನಡದ ಹುಡುಗನಿಗೆ ಕನ್ನಡ ಪರೀಕ್ಷೆಯಲ್ಲಿ ಏನು ಕಷ್ಟ ಎಂದು ಹೊರಗಿನವರು ಕೇಳಬಹುದು. ರಾಜ್ಯದ ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ ಮಟ್ಟದ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆ ಇರುತ್ತದೆ, ಅದರಲ್ಲಿ ಕನಿಷ್ಠ 50 ಅಂಕ ಪಡೆಯಲೇಬೇಕು. ಈ ಅಂಕಗಳು ಆಯ್ಕೆಪಟ್ಟಿಗೆ ಸೇರುವುದಿಲ್ಲ, ಆದರೆ 50 ದಾಟದಿದ್ದರೆ ಉಳಿದ ಪತ್ರಿಕೆಗಳಿಗೆ ಬೆಲೆಯಿಲ್ಲ. ಹವಾಲ್ದಾರರು 24 ವರ್ಷ ಹಿಂದಿಯಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ಲೆಡ್ಜರ್ ಬರೆದವರು. ಮನೆಗೆ ಫೋನಿನಲ್ಲಿ ಕನ್ನಡ ಆಡುತ್ತಿದ್ದರೇ ಹೊರತು ಕನ್ನಡದಲ್ಲಿ ಒಂದು ಪುಟ ಬರೆದು ಎರಡು ದಶಕ ಕಳೆದಿತ್ತು. ಮೊದಲ ದಿನ ರಜೆ ಕೋರಿ ಒಂದು ಪತ್ರ ಬರೆಯಿರಿ ಎಂದಾಗ ಒತ್ತಕ್ಷರಗಳು ಜಾರಿದವು, ‘ಹ’ಕಾರ ಇರಬೇಕಾದಲ್ಲಿ ‘ಅ’ಕಾರ ಬಂತು, ಅರ್ಧ ಪುಟಕ್ಕೆ ಕೈ ನೋಯಿತು. ಅವರಿಗೆ ನಾಚಿಕೆಯಾಯಿತು; ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.

ರಾತ್ರಿ ಪಾಳಿಯಲ್ಲಿ ಮೇಲ್ವಿಚಾರಕರ ಕೊಠಡಿಯಲ್ಲಿ ಬಿಡುವಿದ್ದಾಗ ದಿನಪತ್ರಿಕೆಯ ಸಂಪಾದಕೀಯವನ್ನು ನಕಲು ಮಾಡುವುದು, ಆಮೇಲೆ ಅದನ್ನೇ ಮೂರನೇ ಒಂದು ಭಾಗಕ್ಕೆ ಸಂಕ್ಷೇಪಿಸುವುದು ಅವರ ಅಭ್ಯಾಸವಾಯಿತು. ಹೈಸ್ಕೂಲಿನಲ್ಲಿದ್ದ ಮಗ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದ. ಈ ಏರ್ಪಾಡು ನನ್ನ ಸಲಹೆಯಲ್ಲ, ಅವರ ಮನೆಯವರು ಮಾಡಿದ್ದು, ನಾನು ಹೇಳಿಕೊಟ್ಟ ಎಷ್ಟೋ ಸಂಗತಿಗಳಿಗಿಂತ ಹೆಚ್ಚು ಫಲ ಕೊಟ್ಟಿತು. ಸಾಮಾನ್ಯ ಜ್ಞಾನದಲ್ಲಿ ಭೂಗೋಳ, ರಕ್ಷಣೆ, ಪ್ರಚಲಿತ ವಿದ್ಯಮಾನ ಅವರಿಗೆ ಸುಲಭವಾಗಿದ್ದವು. ಕರ್ನಾಟಕದ ಇತಿಹಾಸ, ಪಂಚಾಯತ್ ರಾಜ್, ರಾಜ್ಯದ ಭೂಸುಧಾರಣೆಯಂಥ ಭಾಗಗಳನ್ನು ಮಾತ್ರ ಹೊಸದಾಗಿ ಓದಬೇಕಾಯಿತು.

ಫಲಿತಾಂಶ ಮತ್ತು ದಾಖಲೆ ಪರಿಶೀಲನೆ

ಬ್ಯಾಂಕಿನ ಪರೀಕ್ಷೆಯಲ್ಲಿ ಪೂರ್ವಭಾವಿ ಹಂತ ದಾಟಿದರೂ ಮುಖ್ಯ ಪರೀಕ್ಷೆಯಲ್ಲಿ ವೇಗ ಸಾಲಲಿಲ್ಲ. ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ರಾಜ್ಯದ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪ್ರವರ್ಗ 2ಎ ಮಾಜಿ ಸೈನಿಕರ ಸಾಲಿನಲ್ಲಿ ಆಯ್ಕೆಯಾದರು. ಪರಿಶೀಲನೆಯ ದಿನ, ಊಹಿಸಿದಂತೆಯೇ, ಮೊದಲ ಪ್ರಶ್ನೆ ಹೆಸರಿನ ಬಗ್ಗೆ ಬಂತು. ಅಫಿಡವಿಟ್ ಮತ್ತು ರೆಕಾರ್ಡ್ ಆಫೀಸಿನ ಪತ್ರವನ್ನು ಅಲ್ಲಿಯೇ ಮುಂದಿಟ್ಟಿದ್ದರಿಂದ ಆ ಪ್ರಶ್ನೆ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಅದೇ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ಇನ್ನೊಬ್ಬ ಮಾಜಿ ಸೈನಿಕರ ಬಳಿ ಡಿಸ್ಚಾರ್ಜ್ ಪುಸ್ತಕ ಬಿಟ್ಟರೆ ಬೇರೇನೂ ಇರಲಿಲ್ಲವೆಂದು, ಅವರು ಸಮಯ ಕೇಳಿ ಹಿಂದಿರುಗಿದರೆಂದು ಹವಾಲ್ದಾರರು ಆ ಸಂಜೆ ಹೇಳಿದಾಗ ಅವರ ದನಿಯಲ್ಲಿ ತಮ್ಮ ಗೆಲುವಿನ ಸಂತೋಷಕ್ಕಿಂತ ಬೇಸರವೇ ಹೆಚ್ಚಾಗಿತ್ತು.

ಕೆಲಸದಲ್ಲಿ ಮೊದಲ ವರ್ಷ

ನೆರವು ನೇಮಕಾತಿ ಆದೇಶದೊಂದಿಗೆ ಮುಗಿಯುತ್ತದೆಂದು ಭಾವಿಸುವವರು ಕಚೇರಿಯ ಮೊದಲ ತಿಂಗಳುಗಳನ್ನು ನೋಡಿರುವುದಿಲ್ಲ. ಬೆಂಗಳೂರಿನ ಕಚೇರಿಯೊಂದರಲ್ಲಿ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರಾಗಿ ಕುಳಿತ ಹವಾಲ್ದಾರರು ಬರೆದ ಮೊದಲ ಟಿಪ್ಪಣಿಯಲ್ಲಿ ನಾಲ್ಕು ಸಾಲುಗಳಿದ್ದವು: ಏನಾಗಿದೆ, ಏನು ಮಾಡಬೇಕು, ಯಾವಾಗ ಮುಗಿಸಬೇಕು, ಯಾರು ಹೊಣೆ. ಶಾಖಾಧಿಕಾರಿಗಳು ಅದನ್ನು ಹಿಂದಿರುಗಿಸಿದರು. ಟಿಪ್ಪಣಿಯಲ್ಲಿ ಹಿನ್ನೆಲೆ, ಅನ್ವಯಿಸುವ ನಿಯಮ, ಹಿಂದಿನ ನಡಾವಳಿ, ಆರ್ಥಿಕ ಪರಿಣಾಮ ಎಲ್ಲವನ್ನೂ ಹೇಳಿ, ಕೊನೆಯಲ್ಲಿ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆಯಬೇಕೆಂಬ ಪದ್ಧತಿ ಅವರಿಗೆ ವಿಳಂಬದಂತೆ ಕಂಡಿತ್ತು. ನಿಯಮದ ಉಲ್ಲೇಖವಿಲ್ಲದ ತೀರ್ಮಾನವನ್ನು ನಾಳೆ ಲೆಕ್ಕಪರಿಶೋಧಕರೋ ನ್ಯಾಯಾಲಯವೋ ಕೇಳಿದರೆ ಉತ್ತರವಿರುವುದಿಲ್ಲವೆಂದು ಹಳೆಯ ಕಡತಗಳನ್ನು ಇಟ್ಟುಕೊಂಡು ತೋರಿಸಿದ ಮೇಲೆ ಒಪ್ಪಿದರು. ಅವರ ನಾಲ್ಕು ಸಾಲುಗಳು ಈಗ ಟಿಪ್ಪಣಿಯ ಕೊನೆಯ ಕಂಡಿಕೆಯಲ್ಲಿ ಪ್ರಸ್ತಾವನೆಯ ರೂಪದಲ್ಲಿ ಬರುತ್ತವೆ, ಆ ಶಾಖೆಯ ಕಡತಗಳಲ್ಲಿ ಅಷ್ಟು ಸ್ಪಷ್ಟವಾದ ಪ್ರಸ್ತಾವನೆಗಳು ಹೆಚ್ಚಿಲ್ಲ.

ಅವರ ಸೇನಾ ಅನುಭವ ನೇರವಾಗಿ ನೆರವಿಗೆ ಬಂದುದು ಉಗ್ರಾಣದಲ್ಲಿ. ಕಚೇರಿಯ ದಾಸ್ತಾನು ವಹಿಯಲ್ಲಿ ಕುರ್ಚಿ, ಕಂಪ್ಯೂಟರ್, ಯುಪಿಎಸ್ ಎಲ್ಲವೂ ನಮೂದಾಗಿದ್ದವು, ಆದರೆ ಭೌತಿಕ ಪರಿಶೀಲನೆ ವರ್ಷಗಳಿಂದ ನಡೆದಿರಲಿಲ್ಲ. ಕೆಟ್ಟುಹೋದ ಸಾಮಗ್ರಿ ಒಂದು ಕೊಠಡಿಯನ್ನೇ ತುಂಬಿಕೊಂಡಿತ್ತು. ಸೇನೆಯಲ್ಲಿ ಪ್ರತಿ ವರ್ಷ ಸ್ಟಾಕ್ ಎಣಿಸಿ, ವೋಚರ್‌ಗೆ ವೋಚರ್ ಹೊಂದಿಸಿ, ನಿರುಪಯುಕ್ತವಾದುದನ್ನು ಮಂಡಳಿಯ ಮುಂದಿಟ್ಟು ತೆಗೆಸುತ್ತಿದ್ದವರಿಗೆ ಇದು ಹೊಸ ಕೆಲಸವೇ ಅಲ್ಲ. ವಹಿಯನ್ನು ಸರಿಪಡಿಸಿ, ವಿಲೇವಾರಿಯ ಪ್ರಸ್ತಾವನೆ ಮಂಡಿಸಿ, ಖರೀದಿಯ ಭಾಗ ಅರ್ಥವಾಗಬೇಕೆಂದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗೆ ಸಂಬಂಧಿಸಿದ ರಾಜ್ಯದ 1999ರ ಅಧಿನಿಯಮವನ್ನು ತಾವಾಗಿಯೇ ಓದಿಕೊಂಡರು. ಅರ್ಜಿಯ ನಮೂನೆಯಲ್ಲಿ ಈ ಅನುಭವವನ್ನು ಬರೆಯಲು ಒಂದು ಕಾಲಂ ಕೂಡ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಹುದ್ದೆ ಹಂಚುವಾಗ ಮಾಜಿ ಸೈನಿಕರ ಟ್ರೇಡನ್ನು ನೋಡಿ ಉಗ್ರಾಣ, ವಾಹನ, ವಿದ್ಯುತ್, ಆಸ್ಪತ್ರೆ ಆಡಳಿತದಂಥ ಶಾಖೆಗಳಿಗೆ ಕಳುಹಿಸುವುದಕ್ಕೆ ಯಾವ ನಿಯಮದ ಅಡ್ಡಿಯೂ ಇದ್ದಂತೆ ನನಗೆ ಕಾಣುವುದಿಲ್ಲ, ಕೇಳುವವರು ಬೇಕು.

ಸದ್ಯ ಹವಾಲ್ದಾರರು ಪರೀಕ್ಷಾರ್ಥ ಅವಧಿಯಲ್ಲಿದ್ದಾರೆ. 2012ರ ನಿಯಮಗಳಡಿ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ, ಇಲಾಖಾ ಪರೀಕ್ಷೆಗಳಲ್ಲಿ ಲೆಕ್ಕಪತ್ರದ ವಿಷಯ ಬಾಕಿ ಇದೆ. ರಾಜ್ಯ ಸೇವೆಗೆ 2006ರ ಏಪ್ರಿಲ್ ನಂತರ ಸೇರಿದವರಾದ್ದರಿಂದ ಈ ಎರಡನೇ ಸೇವೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟಿದೆ. ಸೇನಾ ಪಿಂಚಣಿಯೊಂದಿಗೆ ಅದನ್ನು ಹೇಗೆ ಯೋಜಿಸಬೇಕೆಂದು ಈಗ ಕುಳಿತು ಲೆಕ್ಕ ಹಾಕುತ್ತಿದ್ದೇವೆ. ಕಳೆದ ತಿಂಗಳು ಅವರು ತಮ್ಮ ಹಳೆಯ ದಳದ ನಾಯಕ್ ಒಬ್ಬರನ್ನು, ರಜೆಯಲ್ಲಿ ಊರಿಗೆ ಬಂದಿದ್ದಾಗ, ನನ್ನ ಬಳಿಗೆ ಕರೆತಂದರು. ಆತನ ಬಿಡುಗಡೆಗೆ ಇನ್ನೂ ಹತ್ತು ತಿಂಗಳಿದೆ. ಕೇಂದ್ರದ ನಿಯಮದಂತೆ ಸೇವಾವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದಾದ್ದರಿಂದ ಆತನ ಮೊದಲ ಅರ್ಜಿಯನ್ನು ಅಂದೇ ಸಿದ್ಧಪಡಿಸಿದೆವು. ಅಂಕಪಟ್ಟಿಯ ಹೆಸರಿಗೂ ಸೇನಾ ದಾಖಲೆಯ ಹೆಸರಿಗೂ ಇದ್ದ ವ್ಯತ್ಯಾಸವನ್ನು ತನ್ನ ಘಟಕದ ಮೂಲಕವೇ ಸರಿಪಡಿಸಿಕೊಳ್ಳಲು ಮನವಿಯ ಕರಡನ್ನು ಹವಾಲ್ದಾರರೇ ಬರೆದುಕೊಟ್ಟರು.